ಎರಡು ಪಂಚಾಂಗದ ಶನಿ

"ಮಾರ್ಚ್ ಆರನೇ ತಾರೀಕಿನ ತನಕ ನನ್ನ ಎದೆ ತೆರೆಯೋ ಹಾಗಿಲ್ಲ ಡಾಕ್ಟರ್," ಎಂದರು ಬದರಿನಾಥರು, ಮನೆ ಬಾಡಿಗೆಗೆ ಕೇಳಲು ಬಂದವರಿಗೆ ಖಾಲಿ ಇಲ್ಲವೆಂದು ಹೇಳುವ ಧಾಟಿಯಲ್ಲಿ.

ಡಾಕ್ಟರು ಕಂಪ್ಯೂಟರಿನಿಂದ ಕಣ್ಣೆತ್ತಿ ಮೊದಲು ಅವರನ್ನು ನೋಡಿದರು, ಆಮೇಲೆ ಪಕ್ಕದಲ್ಲಿ ಕೂತಿದ್ದ ಸೊಸೆ ಶ್ರೀವಿದ್ಯಾಳನ್ನು. ಪರದೆಯ ಮೇಲೆ ಬದರಿನಾಥರ ಹೃದಯದ ಮೂರು ರಕ್ತನಾಳಗಳಿದ್ದವು. ಯಾರೋ ಅಲ್ಲಲ್ಲಿ ದಾರ ಬಿಗಿದು ಕಟ್ಟಿದ ಹಾಗೆ ಮೂರೂ ಸಣ್ಣಗಾಗಿದ್ದವು. ಎರಡು ವಾರದೊಳಗೆ ಬೈಪಾಸ್ ಆಗಬೇಕು, ತಡವಾದರೆ ತಾನು ಜವಾಬ್ದಾರನಲ್ಲ ಎಂದು ಡಾಕ್ಟರು ಆಗತಾನೆ ಹೇಳಿ ಮುಗಿಸಿದ್ದರು. ಅದು ನವೆಂಬರ್ ಎರಡನೇ ವಾರ.

"ಮಾರ್ಚಿಗೆ ಮಗನೋ ಯಾರೋ ಊರಿಂದ ಬರೋರಿದಾರಾ?" ಎಂದು ಡಾಕ್ಟರು ಕೇಳಿದರು.

"ಮಗ ಬರಲ್ಲ. ಶನಿ ಹೋಗ್ತಾನೆ," ಎಂದರು ಬದರಿನಾಥರು.

ಮಗ ಎಲ್ಲಿಂದಲೂ ಬರುವ ಹಾಗಿರಲಿಲ್ಲ. ಅನಿಕೇತ್ ಸತ್ತು ಎರಡು ವರ್ಷ ಮೂರು ತಿಂಗಳಾಗಿತ್ತು. ಬೆಳಿಗ್ಗೆ ಎಂಟೂವರೆಗೆ ಬೈಕಿನಲ್ಲಿ ಹೊರಟವನನ್ನು ಒಂಬತ್ತಕ್ಕೆ ಒಂದು ನೀರಿನ ಲಾರಿ ಮುಗಿಸಿತ್ತು. ಆ ವಾರ ಅವನಿಗೆ ಗುರುಬಲವಿದೆ ಎಂದು ಊರಲ್ಲಿ ನಡೆಯುವ ಎರಡೂ ಪಂಚಾಂಗಗಳು ಬರೆದಿದ್ದವು. ಅವೆರಡೂ ಒಂದೇ ಮಾತು ಆಡಿದ್ದನ್ನು ಶ್ರೀವಿದ್ಯಾ ಕಂಡದ್ದು ಅದೊಂದೇ ಸಲ.

ಉಳಿದ ಹೊತ್ತಿನಲ್ಲಿ ಅವು ಜಗಳಗಂಟ ಓರಗಿತ್ತಿಯರ ಹಾಗೆ. ಬದರಿನಾಥರದ್ದು ಕರ್ಕಾಟಕ ರಾಶಿ. ಶನಿ ಕುಂಭದಲ್ಲಿರುವಷ್ಟು ಕಾಲ ಕರ್ಕಾಟಕದವರಿಗೆ ಅದು ಎಂಟನೇ ಮನೆ, ಅಷ್ಟಮ ಶನಿ, ಪ್ರಾಣಕ್ಕೇ ಕಂಟಕ. ಅವನು ಮೀನಕ್ಕೆ ಕಾಲಿಟ್ಟರೆ ಬಿಡುಗಡೆ. ಕಾಲಿಡುವುದು ಯಾವತ್ತು ಎನ್ನುವುದರಲ್ಲೇ ತಕರಾರು. ಆಕಾಶಕ್ಕೆ ತಾಳೆ ನೋಡಿ ತಿದ್ದಿಕೊಂಡು ಬಂದ ತಿರುಕಣಿತ ಪಂಚಾಂಗದ ಪ್ರಕಾರ ಶನಿ ಹೋದ ಮಾರ್ಚ್ ಇಪ್ಪತ್ತೊಂಬತ್ತಕ್ಕೇ ಮೀನ ಸೇರಿ ಆಗಿತ್ತು. ಹಿಂದಿನವರು ಬಾಯಿಪಾಠಕ್ಕೆ ಕಟ್ಟಿಟ್ಟ ಸೂತ್ರಗಳನ್ನು ಒಂದಕ್ಷರ ಕದಲಿಸದೆ ಇಟ್ಟುಕೊಂಡ ವಾಕ್ಯ ಪಂಚಾಂಗವೋ ಬರುವ ಮಾರ್ಚ್ ಆರರ ತನಕ ಅವನನ್ನು ಕುಂಭದಲ್ಲೇ ಕೂರಿಸಿತ್ತು. ಒಂದೇ ಊರು, ಒಂದೇ ಆಕಾಶ, ಒಂದೇ ಶನಿ. ಹನ್ನೊಂದು ತಿಂಗಳ ಅಂತರ. ಟಿ. ನಗರದ ಅಂಗಡಿಗಳಲ್ಲಿ ಎರಡೂ ಅಕ್ಕಪಕ್ಕ ನೇತಾಡುತ್ತವೆ, ಜನ ತಮ್ಮ ತಮ್ಮ ಮನೆಯದನ್ನು ಕೊಂಡು ಹೋಗುತ್ತಾರೆ, ಯಾರಿಗೂ ತಲೆನೋವಿಲ್ಲ.

ಬದರಿನಾಥರ ಮನೆತನ ಮದ್ರಾಸಿಗೆ ಬಂದು ನಾಲ್ಕು ತಲೆಮಾರಾಗಿತ್ತು. ಅವರಲ್ಲಿ ಏಕಾದಶಿಗೆ ಮಠದ ಪಂಚಾಂಗ, ಗ್ರಹಚಾರಕ್ಕೆ ವಾಕ್ಯ ಪಂಚಾಂಗ, ಬ್ಯಾಂಕಿನ ರಜೆಗೆ ದಿನಸಿ ಅಂಗಡಿಯ ಕ್ಯಾಲೆಂಡರು. ಮೂವತ್ತಾರು ವರ್ಷ ಪ್ಯಾರೀಸ್ ಕಾರ್ನರಿನ ಒಂದು ಹಡಗು ಕಂಪನಿಯಲ್ಲಿ ದುಡಿದು, ಯಾವ ಹಡಗು ಯಾವ ದಿನ ಬರುತ್ತದೆಂದು ತಂತಿ ಟಪಾಲಿನ ಕಾಲದಲ್ಲೇ ಕರಾರುವಾಕ್ಕಾಗಿ ಹೇಳುತ್ತಿದ್ದ ಮನುಷ್ಯ, ಶನಿಯ ವಿಷಯದಲ್ಲಿ ಹನ್ನೊಂದು ತಿಂಗಳನ್ನು ಲೆಕ್ಕಕ್ಕೇ ಇಡಲಿಲ್ಲ.

ವಿಪರ್ಯಾಸವೆಂದರೆ ಶ್ರೀವಿದ್ಯಾ ಹೊಟ್ಟೆಪಾಡಿಗೆ ಮಾಡುತ್ತಿದ್ದುದು ಗ್ರಹಗಳದೇ ಕೆಲಸ. ಮೈಸೂರಿನಲ್ಲಿ ಭೌತಶಾಸ್ತ್ರದ ಎಂಎಸ್ಸಿ ಮಾಡಿದವಳು. ಗಾಳಿ ತುಂಬಿದರೆ ಗುಮ್ಮಟದ ಹಾಗೆ ಎದ್ದು ನಿಲ್ಲುವ ಕಪ್ಪು ಗುಡಾರವನ್ನು ವ್ಯಾನಿನಲ್ಲಿ ಹಾಕಿಕೊಂಡು ಶಾಲೆಯಿಂದ ಶಾಲೆಗೆ ಹೋಗಿ ಮಕ್ಕಳಿಗೆ ಆಕಾಶ ತೋರಿಸುವ ಸಂಸ್ಥೆಯೊಂದರಲ್ಲಿದ್ದಳು. ದಿನಕ್ಕೆ ಐದು ಆಟ. ಐದು ಸಲವೂ ಅದೇ ಮಾತು: ನಿಂತ ನಕ್ಷತ್ರಗಳ ನಡುವೆ ಏಳು ಬೆಳಕುಗಳು ಮಾತ್ರ ಅಲೆಯುವುದನ್ನು ಹಿಂದಿನವರು ಕಂಡರು, ಬೆರಗಾದರು, ಬಾಬಿಲೋನಿನವರು ಅವಕ್ಕೆ ದೇವರ ಹೆಸರಿಟ್ಟರು, ವಾರದ ಏಳು ದಿನಗಳನ್ನು ಲೋಕ ಅವುಗಳಿಗೆ ಹಂಚಿಕೊಟ್ಟಿತು, ನಮ್ಮವರು ರಾಹು ಕೇತು ಎಂಬ ಎರಡು ನೆರಳುಗಳನ್ನೂ ಸೇರಿಸಿ ಒಂಬತ್ತು ಮಾಡಿ ಗುಡಿಯ ಮೂಲೆಯಲ್ಲಿ ಒಬ್ಬರ ಮುಖ ಒಬ್ಬರು ನೋಡದ ಹಾಗೆ ನಿಲ್ಲಿಸಿದರು. ಮಕ್ಕಳು ನಗುತ್ತಿದ್ದವು. ಹೊರಗೆ ಬಂದ ಮೇಲೆ ಟೀಚರುಗಳು ಮೆಲ್ಲಗೆ ಹತ್ತಿರ ಬಂದು, "ಮೇಡಂ, ನೀವು ಗ್ರಹದವರಲ್ವಾ, ನಂದು ಕನ್ಯಾ ರಾಶಿ, ಹೇಗಿದೆ ನೋಡಿ," ಎನ್ನುತ್ತಿದ್ದರು.

ಅವಳು ಯಾರ ಮೇಲೂ ಸಿಟ್ಟಾಗುತ್ತಿರಲಿಲ್ಲ. ಸಿಟ್ಟಾಗುವುದಕ್ಕೂ ಮನುಷ್ಯನೊಳಗೆ ಏನಾದರೂ ಉಳಿದಿರಬೇಕು. ಅನಿಕೇತ್ ಹೋದ ಮೇಲೆ ಮೈಸೂರಿಗೆ ವಾಪಸಾಗುವ ಮಾತು ಬಂದು, ಯಾರೂ ಅದನ್ನು ಮುಂದುವರಿಸದೆ, ಅತ್ತೆ ಮಾವನ ಜೊತೆ ಟಿ. ನಗರದ ಮೂರನೇ ಮಹಡಿಯ ಮನೆಯಲ್ಲೇ ಉಳಿದಿದ್ದಳು. ಬೆಳಿಗ್ಗೆ ಮಾವನ ಜೊತೆ ಕಾಫಿ, ಸಂಜೆ ಅತ್ತೆಯ ಜೊತೆ ತರಕಾರಿ. ಅಷ್ಟು ಸಾಕಾಗಿತ್ತು. ಆಸ್ಪತ್ರೆಯ ಪರದೆ ನೋಡಿದ ದಿನ ಆ ಅಷ್ಟೂ ಹೋಗುತ್ತದೆಂದು ಅವಳಿಗೆ ತಿಳಿಯಿತು.

ಆದ್ದರಿಂದ ಹಟ ಹಿಡಿದಳು.

"ಮಾವ, ಶನಿ ನಮ್ಮಿಂದ ನೂರಮೂವತ್ತು ಕೋಟಿ ಕಿಲೋಮೀಟರ್ ದೂರದಲ್ಲಿದಾನೆ," ಎಂದಳು ಮಾರನೇ ಬೆಳಿಗ್ಗೆ.

"ಅದಕ್ಕೇ ಅಮ್ಮಾ ಮೆಲ್ಲಗೆ ಬರೋದು. ಬಂದ್ಮೇಲೆ ಬೇಗ ಹೋಗಲ್ಲ."

"ಅವನಿಗೆ ನಿಮ್ಮ ಹೆಸರೂ ಗೊತ್ತಿಲ್ಲ."

"ಹೆಸರು ಯಾಕೆ? ರಾಶಿ ಸಾಕು."

ಸಂಜೆ ತಿರುಕಣಿತ ಪಂಚಾಂಗವೊಂದನ್ನು ಕೊಂಡು ತಂದು, ಆ ಪುಟಕ್ಕೆ ಬಸ್ ಟಿಕೆಟ್ ಇಟ್ಟು, ಅವರ ಮುಂದಿಟ್ಟಳು. ಗ್ರಹಗಳನ್ನು ನಂಬದವಳು ಗ್ರಹಗಳ ಪುಸ್ತಕ ಹಿಡಿದು ವಾದಿಸುವ ಗತಿ ಬಂತಲ್ಲ ಎಂದು ತನ್ನ ಮೇಲೇ ಹೇಸಿಕೆಯಾಯಿತು. ಆದರೂ ಹೇಳಿದಳು: "ಇದರ ಪ್ರಕಾರ ನಿಮ್ಮ ಅಷ್ಟಮ ಶನಿ ಮುಗಿದು ಎಂಟು ತಿಂಗಳಾಯ್ತು ಮಾವ. ನಾಳೇನೇ ಅಡ್ಮಿಟ್ ಆಗ್ಬೋದು."

ಬದರಿನಾಥರು ಕನ್ನಡಕ ಹಾಕಿಕೊಂಡು ಓದಿದರು. ಗೌರವದಿಂದಲೇ ಮುಚ್ಚಿದರು. "ಕರೆಕ್ಟಾಗಿ ಹಾಕಿದಾರೆ. ಆದ್ರೆ ನಮ್ಮನೇಲಿ ಇದು ನಡೆಯಲ್ಲಮ್ಮಾ."

"ಅಲ್ಲಾ ಮಾವ, ಕರೆಕ್ಟು ಅಂತೀರಿ, ನಡೆಯಲ್ಲ ಅಂತೀರಿ!"

"ಪಕ್ಕದ ಮನೆ ಸಾಂಬಾರೂ ಚೆನ್ನಾಗಿರತ್ತೆ. ಅದಕ್ಕೆ ಅಲ್ಲೋಗಿ ಕೂರ್ತೀವಾ?"

ಅತ್ತೆ ಜಯಲಕ್ಷ್ಮೀ ಅಡುಗೆಮನೆಯಲ್ಲಿ ನಲ್ಲಿ ತಿರುಗಿಸಿದರು. ಅವರು ಇಂಥ ಮಾತು ಬಂದಾಗಲೆಲ್ಲ ಪಾತ್ರೆ ತೊಳೆಯಲು ಹೊರಡುತ್ತಿದ್ದರು.

ಮೂರನೆಯದಾಗಿ ಶ್ರೀವಿದ್ಯಾ ಆಫೀಸಿನಿಂದ ದೂರದರ್ಶಕ ತಂದಳು. ಶನಿಯನ್ನೇ ಕಣ್ಣಾರೆ ತೋರಿಸಿಬಿಡುವುದು, ಅದೊಂದು ಕಲ್ಲು ಗಾಳಿಯ ಉಂಡೆ ಎಂದು ಗೊತ್ತಾದರೆ ಭಯ ಕರಗುತ್ತದೆ ಎಂದು ಅವಳ ಎಣಿಕೆ. ಮೂರು ದಿನ ಮಳೆ ಹಿಡಿದಿತ್ತು. ನಾಲ್ಕನೇ ಸಂಜೆ ಮೋಡ ಹರಿಯಿತು. ಆರೂವರೆಗೆ ತಾರಸಿಯ ಮೇಲೆ, ನೀರಿನ ಟ್ಯಾಂಕುಗಳ ನಡುವೆ, ಹಳದಿ ಚುಕ್ಕೆಯೊಂದು ಅಲುಗಾಡದೆ ನಿಂತಿತ್ತು. ಹತ್ತಬೇಕಾದ್ದು ಒಂದೇ ಮಹಡಿಯಾದರೂ ಮಾವನನ್ನು ಮೆಟ್ಟಿಲು ಹತ್ತಿಸಲು ಅವಳಿಗೆ ಭಯ. ಅವರು ಕೇಳಲಿಲ್ಲ. ನಾಲ್ಕು ಮೆಟ್ಟಿಲಿಗೊಮ್ಮೆ ನಿಂತು ಹತ್ತಿದರು. ಜೊತೆಗೆ ಅವರ ಚಿಕ್ಕಪ್ಪನ ಮಗ ಉಪೇಂದ್ರ ಬಂದಿದ್ದರು. ನಿವೃತ್ತ ಬ್ಯಾಂಕ್ ಮ್ಯಾನೇಜರು, ವೆಸ್ಟ್ ಮಾಂಬಲದವರು. ನಂಟರ ಯಾವ ಮನೆಯಲ್ಲಿ ಜಾತಕ ಬಿಚ್ಚಿದರೂ ಅಲ್ಲಿ ಅವರಿರಬೇಕು.

ಬದರಿನಾಥರು ಕುರ್ಚಿಯಲ್ಲಿ ಕೂತು ಒಂದು ಕಣ್ಣು ಮುಚ್ಚಿ ನೋಡಿದರು. ಬಹಳ ಹೊತ್ತು ನೋಡಿದರು.

"ಬಳೆ ಎಲ್ಲಮ್ಮಾ? ಫೋಟೋದಲ್ಲೆಲ್ಲ ಬಳೆ ಇರತ್ತೆ."

ಶ್ರೀವಿದ್ಯಾ ಹಣೆಗೆ ಕೈ ಹಚ್ಚಿದಳು. ಶನಿಯ ಮೂವತ್ತು ವರ್ಷದ ಸುತ್ತಿನಲ್ಲಿ ಬಳೆ ಮರೆಯಾಗಲು ಇದೇ ತಿಂಗಳು ಸಿಕ್ಕಿತೆ! "ಈಗ ಅದು ಅಂಚಿನ ಕಡೆಯಿಂದ ನಮಗೆ ಕಾಣ್ತಿದೆ ಮಾವ. ತಟ್ಟೇನ ಅಡ್ಡ ಹಿಡಿದ ಹಾಗೆ. ಹದಿನೈದು ವರ್ಷಕ್ಕೊಂದ್ಸಲ ಹೀಗಾಗತ್ತೆ. ಸಣ್ಣ ಗೆರೆ ಕಾಣತ್ತೆ ನೋಡಿ."

"ಗೆರೆ ಇದೆ. ಬಳೆ ಇಲ್ಲ. ಉಪೇಂದ್ರಾ, ನೋಡೋ, ಒಡವೆ ಎಲ್ಲ ಕಳಚಿಟ್ಟು ಕೂತಿದಾನೆ..." ಎಂದವರು ಸೊಸೆಯ ಬರಿಗೈ ಕಂಡು ಅರ್ಧಕ್ಕೇ ನಿಲ್ಲಿಸಿದರು. ಉಪೇಂದ್ರ ಸುಮ್ಮನೆ ಕೆಮ್ಮಿದರು. ಶ್ರೀವಿದ್ಯಾ ದೂರದರ್ಶಕದ ತಿರುಪನ್ನು ಅರ್ಧ ಸುತ್ತು ತಿರುಗಿಸಿದಳು. ತಿರುಗಿಸುವ ಅಗತ್ಯವಿರಲಿಲ್ಲ.

ಉಪೇಂದ್ರ ಜೇಬಿನಿಂದ ಮೊಬೈಲು ತೆಗೆದು ಆಕಾಶಕ್ಕೆ ಹಿಡಿದರು. ಅದರಲ್ಲಿ ನಕ್ಷತ್ರಗಳ ಹೆಸರು ಹೇಳುವ ಆ್ಯಪ್ ಇತ್ತು.

"ಅಣ್ಣಾ! ಇಲ್ಲಿ ಬಾ ಪಾ. ಸ್ಯಾಟರ್ನ್ ಇನ್ ಆಕ್ವೇರಿಯಸ್ ಅಂತ ಹಾಕಿದೆ. ಆಕ್ವೇರಿಯಸ್ ಅಂದ್ರೆ ಕುಂಭ ತಾನೆ? ನಿನ್ನ ಸೈನ್ಸೇ ವಾಕ್ಯ ಪಂಚಾಂಗ ಹೇಳ್ತಿದೆಯಮ್ಮಾ ಶ್ರೀವಿದ್ಯಾ!"

"ಚಿಕ್ಕ ಮಾವ, ಆ ಕುಂಭ ಬೇರೆ, ಈ ಕುಂಭ ಬೇರೆ. ಪಂಚಾಂಗದವರು ಹನ್ನೆರಡು ಸಮಭಾಗ ಮಾಡ್ತಾರೆ. ಖಗೋಳದವರು ನೂರು ವರ್ಷದ ಹಿಂದೆ ಮೀಟಿಂಗ್ ಮಾಡಿ ತಮ್ಮ ಅನುಕೂಲಕ್ಕೆ ಬೇರೆ ಗೆರೆ ಎಳೆದಿದಾರೆ. ಅದಕ್ಕೂ ಇದಕ್ಕೂ ಸಂಬಂಧ ಇಲ್ಲ."

"ಅಂದ್ರೆ ನೀವೂ ಗೆರೆ ಎಳೆದವರೇ," ಎಂದರು ಬದರಿನಾಥರು ಕುರ್ಚಿಯಿಂದ. "ನೀವು ಎಳೆದ್ರೆ ಸೈನ್ಸು, ನಾವು ಎಳೆದ್ರೆ ಮೂಢನಂಬಿಕೆ."

ಇದಕ್ಕೆ ಉತ್ತರವಿತ್ತು. ಒಂದು ಗಂಟೆಯ ಉತ್ತರ. ಶ್ರೀವಿದ್ಯಾ ದೂರದರ್ಶಕಕ್ಕೆ ಮುಚ್ಚಳ ಹಾಕಿದಳು. ಉಪೇಂದ್ರ ಗೆದ್ದ ಉತ್ಸಾಹದಲ್ಲಿ ಕಾಫಿ ಕುಡಿಯಲು ಮುಂದೆ ಇಳಿದುಹೋದರು.

ಇಳಿಯುವಾಗ ಮಾವ ಅರ್ಧ ಮೆಟ್ಟಿಲಲ್ಲಿ ಕೂತರು. ಎದೆಯ ಮೇಲೆ ಅಂಗೈ ಇಟ್ಟುಕೊಂಡಿದ್ದರು. ಅವಳು ನಾಲಿಗೆಯ ಕೆಳಗಿಡುವ ಮಾತ್ರೆ ಕೊಟ್ಟಳು. ಉಸಿರು ಹದಕ್ಕೆ ಬಂತು.

"ನಿಂಗೆ ನನ್ನ ಮೇಲೆ ಕೋಪ."

"ಕೋಪ ಇಲ್ಲ ಮಾವ. ಸಾಕಾಗಿದೆ."

"ನಾನು ದಡ್ಡ ಅಲ್ಲಮ್ಮಾ. ತಿರುಕಣಿತ ಸರಿ ಅಂತ ನಂಗೂ ಗೊತ್ತು. ಹಡಗಿನವರು ಆಕಾಶ ನೋಡ್ದೆ ಲೆಕ್ಕ ಹಾಕಿದ್ರೆ ಬಂದರು ಸೇರ್ತಿದ್ರಾ?" ಅವರು ಕೆಳಗಿನ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. "ನಿಮ್ಮತ್ತೆದು ಮಖಾ ನಕ್ಷತ್ರ. ಸಿಂಹ ರಾಶಿ. ಶನಿ ನನ್ನ ಬಿಟ್ಟು ಮೀನಕ್ಕೆ ಹೋದ ಅಂದ್ರೆ ಎಲ್ಲಿ ಕೂತ ಹೇಳು? ಸಿಂಹಕ್ಕೆ ಮೀನ ಎಂಟನೇದು. ನೇರವಾಗಿ ಅವಳ ತಲೆ ಮೇಲೆ."

ಶ್ರೀವಿದ್ಯಾ ಮಾತ್ರೆಯ ಡಬ್ಬಿ ಮುಚ್ಚಿದಳು. "ತಿರುಕಣಿತ ಸರಿ ಅಂದ್ರೆ ಎಂಟು ತಿಂಗಳಿಂದ ಅವರ ಮೇಲೇ ಇರ್ಬೇಕಲ್ಲ ಮಾವ? ಏನೂ ಆಗಿಲ್ವಲ್ಲ?"

"ಎಲ್ಲಿಂದ ಬರ್ತಾನೆ? ಯಾವ ಮನೇಲಿ ಯಾವ ಪಂಚಾಂಗ ನಡೆಯತ್ತೋ ಗ್ರಹ ಅದರ ಪ್ರಕಾರಾನೇ ಬರೋದು. ನಮ್ಮನೇಲಿ ವಾಕ್ಯ ನಡೆಯೋವರೆಗೂ ಅವನು ನನ್ನ ಹತ್ರ ಇರ್ಬೇಕು. ನಾಳೆ ಆಪರೇಷನ್ನಿಗೋಸ್ಕರ ನಾನು ನೀನು ತಂದಿದ್ದನ್ನ ಒಪ್ಪಿದೆ ಅನ್ನು, ಆ ಕ್ಷಣ ಅವಳ ಹತ್ರ ಹೋಗ್ತಾನೆ. ಒಪ್ಪದೇನೇ ಕುಯ್ಯಿಸ್ಕೊಂಡ್ರೆ ನಾನು ಮೇಜಿನ ಮೇಲೇ ಹೋಗ್ತೀನಿ."

"ಮಾರ್ಚಿಗೆ ಹೇಗೂ ಅವರ ಹತ್ರ ಹೋಗ್ತಾನಲ್ಲ!"

"ತಾನಾಗೇ ಹೋದ್ರೆ ಅದು ಅವಳ ಹಣೆಬರಹ. ನಾನಾಗಿ ಕಳಿಸ್ದ ಹಾಗೆ ಆಗಲ್ಲ. ಮಗನ್ನ ಕಳಕೊಂಡಿದಾಳೆ ಅವಳು. ನಾಲ್ಕು ತಿಂಗಳಾದ್ರೂ ತಡೀತೀನಿ." ಕಂಬಿ ಹಿಡಿದು ಎದ್ದರು. "ಅವಳಿಗೆ ಹೇಳ್ಬೇಡ."

ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರ ಜೊತೆ ವಾದಿಸಬಹುದು. ಇವರು ಮೊಲಕ್ಕೆ ನಾಲ್ಕು ಕಾಲೆಂದು ಒಪ್ಪಿಕೊಂಡು, ನಾಲ್ಕನೆಯದನ್ನು ಹೆಂಡತಿಗಾಗಿ ಬಚ್ಚಿಟ್ಟವರು. ಇಂಥ ಹುಚ್ಚಿಗೆ ಯಾವ ಎಂಎಸ್ಸಿಯಲ್ಲೂ ಪಾಠವಿರಲಿಲ್ಲ. ಶ್ರೀವಿದ್ಯಾ ಆ ರಾತ್ರಿ ಊಟಕ್ಕೆ ಕೂರಲಿಲ್ಲ. ಡಾಕ್ಟರು ಕೊಟ್ಟ ಎರಡು ವಾರದಲ್ಲಿ ಹತ್ತು ದಿನ ಕಳೆದಿತ್ತು.

ಮಾರನೇ ದಿನ, ಶನಿವಾರ ಬೆಳಿಗ್ಗೆ, ಅತ್ತೆ ಸೀರೆ ಉಟ್ಟು ನಿಂತಿದ್ದರು. "ತಿರುವೊಟ್ಟಿಯೂರಿಗೆ ಹೋಗ್ಬೇಕು, ವಿದ್ಯಾ. ಜೊತೆಗೆ ಬರ್ತೀಯಾ? ಅವರಿಗೋಸ್ಕರ ದೀಪ ಹಚ್ತೀನಿ. ಉಪೇಂದ್ರನಿಗೆ ಹೇಳ್ಬೇಡ, ವೈಷ್ಣವರ ಮನೆಯೋರು ಅಲ್ಲಿ ತನಕ ಶಿವನ ಹುಡುಕ್ಕೊಂಡು ಹೋದ್ರು ಅಂತ ಊರಿಗೆಲ್ಲ ಸಾರ್ತಾನೆ."

ಬೇಡ ಎನ್ನಲೂ ಬೇಸರವಾಗಿ ಅವಳು ಹೊರಟಳು. ನಂದನಂನಲ್ಲಿ ಮೆಟ್ರೊ ಹತ್ತಿ, ಊರಿನ ಹೊಟ್ಟೆಯೊಳಗಿನಿಂದ ಹೋಗಿ, ಉತ್ತರದ ತುದಿಯಲ್ಲಿ ಮತ್ತೆ ಬೆಳಕಿಗೆ ಬಂದಾಗ ಒಂದು ಕಡೆ ಕಾರ್ಖಾನೆಯ ಹೊಗೆ, ಇನ್ನೊಂದು ಕಡೆ ಸಮುದ್ರ. ಆ ಗುಡಿಯ ಪ್ರಾಕಾರದಲ್ಲಿ ಇಪ್ಪತ್ತೇಳು ನಕ್ಷತ್ರಗಳಿಗೆ ಇಪ್ಪತ್ತೇಳು ಲಿಂಗಗಳಿವೆ, ಸಾಲಾಗಿ. ಅವರವರು ಅವರವರ ನಕ್ಷತ್ರದ ಮುಂದೆ ನಿಲ್ಲುವುದು ರೂಢಿ. ಅತ್ತೆ ಪುಷ್ಯದ ಮುಂದೆ ಗಂಡನಿಗಾಗಿ ದೀಪವಿಟ್ಟು ಕಣ್ಣು ಮುಚ್ಚಿದರು. ಆಮೇಲೆ ಸಾಲಿನುದ್ದಕ್ಕೂ ನಡೆದರು. ಮಖಾ ಬಂತು. ಅತ್ತೆ ನಿಲ್ಲಲಿಲ್ಲ, ತಿರುಗಿಯೂ ನೋಡಲಿಲ್ಲ. ಇನ್ನೂ ಮುಂದೆ ಹೋಗಿ ಒಂದು ಲಿಂಗದ ಮುಂದೆ, ತೀರ ಪರಿಚಿತರ ಮನೆಯಲ್ಲಿ ಕೂರುವ ಹಾಗೆ, ಕೂತುಬಿಟ್ಟರು. ಶ್ರೀವಿದ್ಯಾಳ ತಮಿಳು ಓದು ಇನ್ನೂ ಅಕ್ಷರ ಕೂಡಿಸುವ ಹಂತದ್ದು. ಹಲಗೆಯನ್ನು ಕೂಡಿಸಿ ಓದಿದಳು. ಮೂಲಾ.

"ಅತ್ತೆ, ನಿಮ್ಮದು ಮಖಾ ಅಲ್ವಾ?"

ಜಯಲಕ್ಷ್ಮೀ ಎಣ್ಣೆ ಬತ್ತಿ ಸರಿಮಾಡುತ್ತಲೇ ಇದ್ದರು. "ಅಲ್ಲ."

ಅವಳು ಪಕ್ಕದಲ್ಲಿ ಕೂತಳು.

"ಹೆಣ್ಣು ಮೂಲಾದಲ್ಲಿ ಹುಟ್ಟಿದ್ರೆ ಮಾವನ್ನ ತಿಂತಾಳೆ ಅಂತಾರಲ್ಲ, ನಿಮ್ಮ ಕಡೆ ಇಲ್ವಾ? ನನಗೆ ಬಂದ ಏಳು ಸಂಬಂಧ ಅದಕ್ಕೇ ಹೋಯ್ತು. ಕೊನೆಗೆ ನಮ್ಮಪ್ಪ ಹುಟ್ಟಿದ ದಿನಾನೇ ಒಂಬತ್ತು ದಿನ ಹಿಂದೆ ಹಾಕಿ ಜಾತಕ ಬರೆಸಿದ್ರು. ಒಂಬತ್ತು ದಿನ ಹಿಂದೆ ಮಖಾ. ಎರಡಕ್ಕೂ ಶುರುವಾಗೋದು ಕೇತು ದೆಸೆ, ಯಾರ ಕೈಲೂ ಹಿಡಿಯೋಕಾಗಲ್ಲ ಅಂತ ಜೋಯಿಸರೇ ಹೇಳಿಕೊಟ್ರು." ಬೆರಳಿನ ಎಣ್ಣೆಯನ್ನು ತಲೆಗೆ ಒರೆಸಿಕೊಂಡರು. "ಮದುವೆಯಾದ ಎರಡನೇ ವರ್ಷ ನಮ್ಮ ಮಾವ ಹೋದ್ರು. ಎದೆ ನೋವು. ನಾನೇ ತಿಂದೆ ವಿದ್ಯಾ. ಕಂಬದ ಹಿಂದೆ ನಿಂತ್ಕೊಂಡು ಅಳ್ತಿದ್ದೆ. ಯಾರಿಗೂ ಹೇಳಿಲ್ಲ, ಅವರಿಗೂ."

ಒಂದು ಹೆಂಗಸು ಮಗುವನ್ನೆತ್ತಿಕೊಂಡು ಅವರನ್ನು ದಾಟಿ ಹೋದಳು.

"ಅನಿಕೇತ್ ಹೋದಾಗ ಉಪೇಂದ್ರ ನಿನ್ನ ಜಾತಕ ಕೇಳ್ಕೊಂಡು ಬಂದ. ಕುಜ ಎಲ್ಲಿದಾನೆ ನೋಡ್ಬೇಕು ಅಂದ. ನಿಮ್ಮಮ್ಮ ಕೊಟ್ಟಿದ್ದು ನನ್ನ ಬೀರುವಿನಲ್ಲೇ ಇತ್ತು. ಕಳೆದುಹೋಯ್ತು ಅಂದೆ. ಆ ರಾತ್ರಿನೇ ಹರಿದು ಹಾಕ್ದೆ. ಓದಲೂ ಇಲ್ಲ."

ಇದು ಶ್ರೀವಿದ್ಯಾಳಿಗೆ ಗೊತ್ತಿರಲಿಲ್ಲ. ಈ ಮನೆಯಲ್ಲಿ ತನ್ನ ಕುಜನನ್ನು ಯಾರೂ ಎತ್ತಿ ಆಡದಿದ್ದುದು ಇವರ ಒಳ್ಳೆಯತನವೋ ಉದಾಸೀನವೋ ಎಂದು ಅವಳು ಎಂದೂ ಯೋಚಿಸಿರಲಿಲ್ಲ. ಎದೆಯೊಳಗೆ ಎಲ್ಲೋ ಜೋಮು ಹಿಡಿದಿದ್ದ ಜಾಗಕ್ಕೆ ರಕ್ತ ಓಡಿದ ಹಾಗೆ ಚುಚ್ಚತೊಡಗಿತು. ಜೊತೆಗೆ ಇನ್ನೊಂದೂ ಹೊಳೆಯಿತು, ಹೊಳೆದದ್ದೇ ಮೈ ಉರಿಯಿತು. ಮಾವ ಯಾವ ಸಿಂಹ ರಾಶಿಯನ್ನು ಕಾಯಲು ಸಾಯುತ್ತಿದ್ದಾರೋ ಆ ಸಿಂಹವೇ ಇರಲಿಲ್ಲ.

"ಅತ್ತೆ, ಮಾವ ಯಾಕೆ ಆಸ್ಪತ್ರೆಗೆ ಹೋಗ್ತಿಲ್ಲ ಗೊತ್ತಾ ನಿಮಗೆ?" ಹೇಳಬೇಡ ಎಂದದ್ದನ್ನೆಲ್ಲ ಅವಳು ಹೇಳಿ ಮುಗಿಸಿದಳು.

ಜಯಲಕ್ಷ್ಮೀ ಸೆರಗು ಬಾಯಿಗೆ ಒತ್ತಿಕೊಂಡರು. "ಅಯ್ಯೋ ಕೃಷ್ಣಾ. ನಂಗೋಸ್ಕರಾನಾ?"

"ಇವತ್ತೇ ಹೇಳಿಬಿಡಿ ಅವರಿಗೆ."

"ಹೇಗಮ್ಮಾ ಹೇಳಲಿ? ನಲವತ್ನಾಲ್ಕು ವರ್ಷ! ಅವರಪ್ಪನ ಶ್ರಾದ್ಧಕ್ಕೆ ಪ್ರತಿ ವರ್ಷ ನಾನೇ ಅಡುಗೆ ಮಾಡಿದೀನಿ. ನೀನೇ ಕೊಂದು ನೀನೇ ಬಡಿಸಿದ್ಯಾ ಅಂತ ಕೇಳಿದ್ರೆ? ನೀನೇ ಏನಾದ್ರೂ ಸೈನ್ಸ್ ಹೇಳಿ..."

"ಸೈನ್ಸ್!" ಶ್ರೀವಿದ್ಯಾಳ ದನಿ ಪ್ರಾಕಾರದಲ್ಲಿ ಮೊಳಗಿತು. ಪ್ರದಕ್ಷಿಣೆ ಹಾಕುತ್ತಿದ್ದವರು ನಿಂತರು. "ಹದಿನಾಲ್ಕು ದಿನದಲ್ಲಿ ನಾಲ್ಕು ಉಳಿದಿದೆ. ನಿಮ್ಮಪ್ಪ ಸುಳ್ಳು ಬರೆಸಿದ್ರು, ಇವರು ಆ ಸುಳ್ಳಿಗೆ ಕಾವಲು ಕೂತಿದಾರೆ, ನೀವು ಇಲ್ಲಿ ಬಂದು ದೀಪ ಹಚ್ತಿದೀರಿ. ನೀವಿಬ್ಬರೂ ಒಬ್ಬರನ್ನೊಬ್ಬರು ಕಾಪಾಡ್ತಾ ಕಾಪಾಡ್ತಾ ನನ್ನ ಕೈಗೆ ಇನ್ನೊಂದು ಹೆಣ ಕೊಡ್ತೀರಿ. ನಂಗೆ ಆಗಲ್ಲ ಅತ್ತೆ. ಒಂದು ಸಾಕು. ನೀವು ಹೇಳದಿದ್ರೆ ನಾನು ಹೇಳ್ತೀನಿ, ಮನೇಲಲ್ಲ, ಉಪೇಂದ್ರ ಮಾವನ ವಾಟ್ಸಾಪ್ ಗುಂಪಿನಲ್ಲಿ."

ಎರಡು ವರ್ಷದಲ್ಲಿ ಅವಳು ದನಿ ಎತ್ತಿದ್ದು ಅದೇ ಮೊದಲು. ಅತ್ತೆ ಅವಳ ಮುಖವನ್ನೇ ನೋಡಿ, "ಸರಿ, ಕಿರುಚ್ಬೇಡ ಮಾ, ಎಲ್ರೂ ನೋಡ್ತಿದಾರೆ," ಎಂದು ಎದ್ದರು. ವಾಪಸು ಮೆಟ್ರೊ ಹತ್ತಿದರು. ಸೆಂಟ್ರಲ್ ದಾಟಿದ ಮೇಲೆ ಅತ್ತೆ ಅವಳ ಕೈ ಹಿಡಿದುಕೊಂಡರು, ಇಳಿಯುವ ತನಕ ಬಿಡಲಿಲ್ಲ.

ಬದರಿನಾಥರು ಊಟಕ್ಕೆ ಕೂತಿದ್ದರು. ಜಯಲಕ್ಷ್ಮೀ ಸಾರು ಬಡಿಸಿ, ಸೌಟು ಕೆಳಗಿಡದೆ, ನಿಂತೇ ಹೇಳಿದರು. ಮದುವೆಯ ಮಂತ್ರ ಹೇಳಿಸಿಕೊಂಡವರ ಹಾಗೆ ಒಂದೊಂದೇ ಮಾತಾಗಿ, ಗೋಡೆ ನೋಡುತ್ತಾ.

ಬದರಿನಾಥರು ಕಲಸಿದ ತುತ್ತನ್ನು ತಟ್ಟೆಯಲ್ಲೇ ಬಿಟ್ಟರು.

"ಒಂಬತ್ತು ದಿನಾನಾ?"

"ಹೂಂ."

"ನಲವತ್ನಾಲ್ಕು ವರ್ಷ!" ಅವರ ಮುಖ ಕೆಂಪಾಯಿತು. ಶ್ರೀವಿದ್ಯಾ ಮಾತ್ರೆಯ ಡಬ್ಬಿ ಹಿಡಿದು ನಿಂತಳು. "ನಲವತ್ನಾಲ್ಕು ವರ್ಷ ಯಾರೋ ಊರು ಹೆಸರಿಲ್ಲದ ಹೆಂಗಸಿನ ನಕ್ಷತ್ರಕ್ಕೆ ಅರ್ಚನೆ ಮಾಡಿಸಿದೀನಲ್ಲೇ! ಮಂತ್ರಾಲಯದಲ್ಲಿ, ತಿರುಪತಿಯಲ್ಲಿ! ಅಷ್ಟೂ ಪುಣ್ಯ ಎಲ್ಲಿಗೆ ಹೋಯ್ತು?"

"ಪುಣ್ಯ ಬಿಡಿ. ನಿಮ್ಮಪ್ಪ..." ಜಯಲಕ್ಷ್ಮೀ ಸೌಟನ್ನು ಇನ್ನೊಂದು ಕೈಗೆ ದಾಟಿಸಿದರು. "ನಿಮ್ಮಪ್ಪನ್ನ ತಿಂದೋಳು ನಾನು."

ಕೆಳಗೆ ಬೀದಿಯಲ್ಲಿ ಆಟೊಗಳು ಅರಚುತ್ತಿದ್ದವು.

"ಅಪ್ಪನಿಗೆ ನೋವು ಬಂದಿದ್ದು ಮಂಗಳವಾರ ಮೂರು ಗಂಟೆಗೆ," ಎಂದರು ಬದರಿನಾಥರು ಕೊನೆಗೆ. "ನೀನು ತವರಲ್ಲಿದ್ದೆ. ಟ್ಯಾಕ್ಸಿ ತಂದು ಬಾಗಿಲಲ್ಲಿ ನಿಲ್ಲಿಸ್ದೆ. ರಾಹುಕಾಲ. ನಾಲ್ಕೂವರೆಗೆ ಮುಗಿಯತ್ತೆ, ಮುಗೀಲಿ ಅಂದೆ. ಅಪ್ಪ ಹೋಗೋಣ ಹೋಗೋಣ ಅಂತಿದ್ರು. ನಾನೇ ಬೇಡ ಅಂದೆ. ಟ್ಯಾಕ್ಸಿಯವನು ಒಂದು ಗಂಟೆ ಹೊರಗೆ ಬೀಡಿ ಸೇದ್ತಾ ಕಾದ. ನಾಲ್ಕೂಕಾಲಿಗೆ ಹೋದ್ರು." ಕಲಸಿದ ಅನ್ನವನ್ನು ಬೆರಳಿಂದ ಒತ್ತಿದರು. "ನೀನು ಏನೇ ತಿಂದ್ರೂ ಅಪ್ಪನ್ನ ತಿಂದಿಲ್ಲ ಕಣೇ."

ಅವರು ಹೇಳಿದ್ದನ್ನು ಅವರೇ ಈಗ ಮೊದಲ ಸಲ ಕೇಳಿಸಿಕೊಂಡವರ ಹಾಗೆ ಕೂತಿದ್ದರು. ಮುದುಕರು ಅಳುವುದನ್ನು ನೋಡಬಾರದೆಂದು ಶ್ರೀವಿದ್ಯಾ ಕಿಟಕಿಯ ಕಡೆ ತಿರುಗಿದಳು. ತಿರುಗಿದ್ದರಿಂದ ತನ್ನದೂ ಯಾರಿಗೂ ಕಾಣಲಿಲ್ಲ.

ತಿರುಗಿ ನೋಡಿದಾಗ ಬದರಿನಾಥರು ಎಡಗೈ ಬೆರಳಿನ ಗೆಣ್ಣು ಎಣಿಸುತ್ತಿದ್ದರು.

"ಮೂಲಾ ಅಂದ್ರೆ ಧನು. ಧನು, ಮಕರ, ಕುಂಭ, ಮೀನ. ನಾಲ್ಕು. ಅರ್ಧಾಷ್ಟಮ."

"ಮಾವ!"

"ಅಷ್ಟಮ ಅಲ್ಲಮ್ಮಾ, ಅರ್ಧ. ಅರ್ಧ ಆದ್ರೆ ಇವಳು ತಡ್ಕೋತಾಳೆ. ಗಟ್ಟಿ ಜೀವ. ನಲವತ್ನಾಲ್ಕು ವರ್ಷ ಬಾಯಿ ಮುಚ್ಕೊಂಡಿದ್ದೋಳು." ಮೂಗೊರೆಸಿಕೊಂಡರು. "ನೀನು ತಂದ ಪಂಚಾಂಗಾನೇ ಇರಲಿ. ಫೋನ್ ಮಾಡು ಆಸ್ಪತ್ರೆಗೆ."

ಭೌತಶಾಸ್ತ್ರ, ದೂರದರ್ಶಕ, ನೂರಮೂವತ್ತು ಕೋಟಿ ಕಿಲೋಮೀಟರ್, ಯಾವುದೂ ಮಾಡದ ಕೆಲಸವನ್ನು ಒಂದು ಕಳ್ಳ ಜಾತಕ ಮಾಡಿತ್ತು. ಇದಕ್ಕೆ ಸಂತೋಷಪಡಬೇಕೋ ತಲೆ ಚಚ್ಚಿಕೊಳ್ಳಬೇಕೋ ತಿಳಿಯದೆ ಶ್ರೀವಿದ್ಯಾ ಮೊಬೈಲು ತೆಗೆದಳು. ಮನಸ್ಸು ಬದಲಾಗುವ ಮುಂಚೆ ಮುಗಿಸಬೇಕು. ಆಸ್ಪತ್ರೆಯವರು ಕಾಯಲು ಹೇಳಿ ಏನೋ ವಾದ್ಯ ಬಾರಿಸಿದರು. ಕಡೆಗೆ ಒಬ್ಬ ಹುಡುಗಿ ಬಂದು, ಸೋಮವಾರ ಬೆಳಿಗ್ಗೆ ಸೇರಿಸಿ, ಬುಧವಾರ ಆಪರೇಷನ್, ಎಂದಳು. ಪೇಷೆಂಟಿನ ಹೆಸರು ಕೇಳಿದಳು. ಶ್ರೀವಿದ್ಯಾ ಹೇಳಿದಳು. ಹುಟ್ಟಿದ ತಾರೀಕು ಕೇಳಿದಳು.

"ಮಾವ, ಡೇಟ್ ಆಫ್ ಬರ್ತ್ ಕೇಳ್ತಿದಾರೆ."

ಬದರಿನಾಥರು ತುತ್ತು ಬಾಯಿಗಿಟ್ಟುಕೊಳ್ಳುತ್ತಿದ್ದವರು ತಲೆ ಎತ್ತಿದರು. "ಯಾವುದು ಕೊಡಲಿ? ಸ್ಕೂಲಲ್ಲಿ ಹೆಡ್‌ಮಾಸ್ಟರ್ ಹಾಕಿದ್ದೋ, ನಿಜವಾದ್ದೋ?"

ಜಯಲಕ್ಷ್ಮೀ ಸೌಟು ಹಿಡಿದವರು ನಿಧಾನವಾಗಿ ಗಂಡನ ಕಡೆ ತಿರುಗಿದರು.

"ಆಧಾರಲ್ಲಿರೋದು ಮಾವ," ಎಂದಳು ಶ್ರೀವಿದ್ಯಾ ಹಲ್ಲು ಕಚ್ಚಿ. "ಆಧಾರಲ್ಲಿರೋದು ಹೇಳಿ ಸಾಕು."

ಅವರು ಹೇಳಿದರು. ಆ ಕಡೆಯ ಹುಡುಗಿ ಬರೆದುಕೊಂಡಳು.